ಮುದ್ರೆಯುಂಗುರವೂ ಆರಂಕಿಯೂ

ವಿಶಾಖದತ್ತನ ‘ಮುದ್ರಾರಾಕ್ಷಸ’ದ ಕಥೆಯನ್ನು ಕೆಂಪುನಾರಾಯಣನು 1823ರಲ್ಲಿ ‘ಮುದ್ರಾಮಂಜೂಷ’ವೆಂಬ ಕನ್ನಡ ಗದ್ಯವಾಗಿಸಿದನಷ್ಟೆ. ಅದನ್ನು ಪಾಠ ಹೇಳುವಾಗಲೆಲ್ಲ ನಾನು ಮೂಲ ನಾಟಕದ ಒಂದು ಪ್ರಸಂಗದ ಬಳಿ ತಡೆದು ನಿಲ್ಲುತ್ತೇನೆ. ಅಮಾತ್ಯ ರಾಕ್ಷಸನ ಮುದ್ರೆಯುಂಗುರ ಚಾಣಕ್ಯನ ಕೈಸೇರುತ್ತದೆ. ರಾಕ್ಷಸನ ಆಪ್ತನಾದ ಶಕಟದಾಸನಿಂದಲೇ, ಅವನಿಗೆ ಮರ್ಮ ತಿಳಿಯದಂತೆ, ಒಂದು ಓಲೆಯನ್ನು ಬರೆಸಿ ಅದಕ್ಕೆ ಆ ಮುದ್ರೆಯನ್ನೊತ್ತಿಸುತ್ತಾನೆ. ಮುಂದೆ ಅದು ಮಲಯಕೇತುವಿಗೆ ಸಿಕ್ಕಾಗ ಅವನೇನೂ ಕಣ್ಣುಮುಚ್ಚಿ ನಂಬುವುದಿಲ್ಲ. ಕೈಬರಹವನ್ನು ತಾಳೆ ನೋಡುತ್ತಾನೆ, ಮುದ್ರೆಯನ್ನೂ ನೋಡುತ್ತಾನೆ. ಎರಡೂ ದಿಟ, ಓಲೆ ಮಾತ್ರ ಸಟೆ!

ಎರಡು ಸಾಕ್ಷಿ ಕೇಳುವ ಪದ್ಧತಿ ಇಷ್ಟು ಹಳೆಯದಾದರೂ ಗಣಕಯಂತ್ರದ ಲೋಕ ಮೊದಲಿಗೆ ಒಂದನ್ನೇ ನಂಬಿತು. 1961ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಅವರ ಸಂಗಡಿಗರು, ಒಂದೇ ಯಂತ್ರವನ್ನು ಹಲವರು ಹಂಚಿಕೊಂಡು ಬಳಸುವ ವ್ಯವಸ್ಥೆಯನ್ನು ಮಾಡಿ ತೋರಿಸಿದರು. ಒಬ್ಬರ ಕಡತಕ್ಕೆ ಮತ್ತೊಬ್ಬರು ಕೈಹಾಕದಂತೆ ಅದರಲ್ಲಿ ತಲೆಗೊಂದು ಪಾಸ್‌ವರ್ಡ್ ಕೊಟ್ಟರು. 1962ರಲ್ಲಿ ಅಲ್ಲನ್ ಶೆರ್ ಎಂಬ ಸಂಶೋಧಕ, ತನಗೆ ಕೊಟ್ಟ ಯಂತ್ರದ ವೇಳೆ ಸಾಲದೆಂದು, ಎಲ್ಲರ ಪಾಸ್‌ವರ್ಡುಗಳ ಪಟ್ಟಿಯನ್ನೇ ಅಚ್ಚು ಹಾಕಿಸಿಕೊಂಡ. 1966ರಲ್ಲಂತೂ ಒಂದು ಪ್ರಮಾದದಿಂದ ಎರಡು ಕಡತಗಳು ಅದಲುಬದಲಾಗಿ, ದಿನದ ಪ್ರಕಟನೆಯ ಜಾಗದಲ್ಲಿ ಇಡೀ ಪಟ್ಟಿಯೇ ಎಲ್ಲರ ಕಣ್ಣೆದುರು ಮೂಡಿತು.

ಹಣದ ವಿಷಯದಲ್ಲಿ ಬ್ಯಾಂಕುಗಳು ಹೆಚ್ಚು ಜಾಗರೂಕವಾಗಿದ್ದವು. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡಿನಲ್ಲಿ ಬಾರ್ಕ್ಲೇಸ್ ಬ್ಯಾಂಕು ತೆರೆದ ಹಣದ ಯಂತ್ರಕ್ಕೆ ವಿಶೇಷವಾದೊಂದು ಚೀಟಿಯೂ ಬೇಕು, ಗುಪ್ತಸಂಖ್ಯೆಯೂ ಬೇಕು. ಚೀಟಿ ಕದ್ದವನಿಗೆ ಸಂಖ್ಯೆ ತಿಳಿಯದು. ಸಂಖ್ಯೆ ತಿಳಿದವನ ಕೈಯಲ್ಲಿ ಚೀಟಿಯಿರದು. ತಲೆಯಲ್ಲಿರುವುದೊಂದು, ಕೈಯಲ್ಲಿರುವುದೊಂದು: ಎರಡು ಹಂತದ ರಕ್ಷಣೆಯ ಸಾರವೆಲ್ಲ ಇಷ್ಟೆ. 1981ರಲ್ಲಿ ಲೆಸ್ಲಿ ಲ್ಯಾಂಪೋರ್ಟ್, ಒಮ್ಮೆ ಬಳಸಿದರೆ ಸವೆದುಹೋಗುವ ಪಾಸ್‌ವರ್ಡಿನ ಉಪಾಯವನ್ನು ಪ್ರಕಟಿಸಿದರು. ನಮ್ಮ ರಿಜರ್ವ್ ಬ್ಯಾಂಕು 2009ರಲ್ಲಿ ಇಂಟರ್‌ನೆಟ್ಟಿನ ಕಾರ್ಡ್ ಪಾವತಿಗೆ ಇನ್ನೊಂದು ಸಾಕ್ಷಿಯನ್ನು ಕಡ್ಡಾಯ ಮಾಡಿತು. 2011ರಲ್ಲಿ ಗೂಗಲ್ ತನ್ನ ಎಲ್ಲ ಖಾತೆದಾರರಿಗೂ ಈ ಎರಡನೆಯ ಬೀಗವನ್ನು ಒದಗಿಸಿತು.

ಇಷ್ಟೆಲ್ಲ ಬಲ್ಲವನಾಗಿಯೂ ಹೋದ ವರ್ಷ ನಾನು ಎಡವಿದೆ. ಬ್ಯಾಂಕಿನವನೆಂದು ಹೇಳಿಕೊಂಡವನೊಬ್ಬ ಫೋನಿನಲ್ಲಿ ಬಹು ವಿನಯದಿಂದ, “ಸರ್, ಈಗ ಬಂದ ಆರಂಕಿ ಹೇಳಿಬಿಡಿ” ಎಂದ. ಮಗಳ ಕಾಲೇಜಿನ ಶುಲ್ಕಕ್ಕೆಂದು ಕೂಡಿಸಿದ್ದ ಹಣ ಆ ಖಾತೆಯಲ್ಲಿತ್ತು. ನಾಲ್ಕಂಕಿ ಹೇಳಿಯೂ ಬಿಟ್ಟಿದ್ದೆ! ಅಷ್ಟರಲ್ಲಿ ಏಕೋ ಶಕಟದಾಸ ನೆನಪಾದ. ಉಳಿದೆರಡು ಬಾಯಲ್ಲೇ ಉಳಿದವು.

ಶಕಟದಾಸ ದ್ರೋಹಿಯಲ್ಲ. ಬರೆಯುತ್ತಿರುವುದು ಯಾರಿಗಾಗಿ ಎಂದು ಕೇಳಲಿಲ್ಲ, ಅಷ್ಟೆ. ಇಂದು ಫೋನಿನೊಳಗೇ ಮೂವತ್ತು ಸೆಕೆಂಡಿಗೊಮ್ಮೆ ಹೊಸ ಸಂಖ್ಯೆ ಹುಟ್ಟಿಸುವ ಆ್ಯಪುಗಳಿವೆ; ನಮ್ಮ ಸಿಮ್ಮನ್ನು ಮೋಸದಿಂದ ತಮ್ಮದಾಗಿಸಿಕೊಂಡವರಿಗೂ ಆ ಸಂಖ್ಯೆ ದೊರೆಯದು. ತಾಣದ ವಿಳಾಸ ಅಸಲಿಯಲ್ಲದಿದ್ದರೆ ತೆರೆಯಲೊಲ್ಲದ ‘ಪಾಸ್‌ಕೀ’ಯೂ ಬಂದಿದೆ. ಅನುಕೂಲವಿದ್ದವರು ಇವನ್ನೇ ಬಳಸುವುದು ಮೇಲು. ಆದರೆ ಆರಂಕಿಯನ್ನು ನಾವೇ ಬಾಯಿಬಿಟ್ಟು ಹೇಳಿದರೆ ಯಾವ ಯಂತ್ರ ತಾನೇ ಏನು ಮಾಡೀತು? ಉಂಗುರ ಬೆರಳಿನಲ್ಲಿರುವವರೆಗೆ ಮಾತ್ರ ಮುದ್ರೆ ನಮ್ಮದು.