ಒಲೆ ಬದಲಿಸಲು ಒಲ್ಲದ ಮನೆಗಳು

ಮಸ್ಕತ್ತಿನ ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿ ಒಂದು ಬೇಸಿಗೆಯನ್ನಾದರೂ ಕಳೆದವರಿಗೆ ಈ ಉಪಾಯ ಗೊತ್ತಿರುತ್ತದೆ. ಜೂನ್ ತಿಂಗಳಲ್ಲಿ ತಾರಸಿಯ ತೊಟ್ಟಿಯ ನೀರು ಮೈ ಸುಡುವಷ್ಟು ಕಾದಿರುತ್ತದೆ. ಆದ್ದರಿಂದ ಗೀಸರನ್ನು ಆರಿಸಿ, ಮನೆಯೊಳಗೆ ಅದರ ಹೊಟ್ಟೆಯಲ್ಲಿ ತಣಿದು ನಿಂತ ನೀರನ್ನು ಬಿಸಿನೀರಿನ ನಲ್ಲಿಯಿಂದ ಹಿಡಿದು ಸ್ನಾನ ಮಾಡುತ್ತೇವೆ. ಗೋಡೆಯಾಚೆ ಏರ್ ಕಂಡೀಷನರಿನ ಪೆಟ್ಟಿಗೆ ಕೋಣೆಯ ಶಾಖವನ್ನು ಎಳೆದೆಳೆದು ಬೀದಿಗೆ ಉಗುಳುತ್ತಿರುತ್ತದೆ.

ಆ ಪೆಟ್ಟಿಗೆಯ ಕೆಲಸವನ್ನು ತಿರುಗುಮುರುಗಾಗಿಸಿ, ಹೊರಗಿನ ಶಾಖವನ್ನು ಒಳಗೆ ತಂದರೆ ಅದೇ ಹೀಟ್ ಪಂಪ್. ಚಳಿನಾಡುಗಳಿಂದ ಈ ಸಮ್ಮೇಳನಕ್ಕೆ ಆಗಮಿಸಿರುವ ಬಂಧುಗಳಿಗೆ ಇದರ ಹೆಸರು ಹೊಸದಲ್ಲ. ಅದು ಶಾಖವನ್ನು ಹುಟ್ಟಿಸುವುದಿಲ್ಲ, ಇದ್ದುದನ್ನು ಸಾಗಿಸುತ್ತದೆ. ಆದುದರಿಂದಲೇ ಒಂದು ಯೂನಿಟ್ ವಿದ್ಯುತ್ತಿಗೆ ಸಾಮಾನ್ಯವಾಗಿ ಮೂರರಷ್ಟು ಶಾಖ ದೊರೆಯುತ್ತದೆ. ಲಾರ್ಡ್ ಕೆಲ್ವಿನ್ 1852ರಲ್ಲಿಯೇ ಈ ತತ್ತ್ವವನ್ನು ವಿವರಿಸಿದ್ದನು. 1938ರಲ್ಲಿ ಜ್ಯೂರಿಕ್ ನಗರದ ಪುರಾತನ ಸಭಾಭವನವು ಪಕ್ಕದ ಲಿಮ್ಮಾತ್ ನದಿಯ ನೀರಿನಿಂದ ಶಾಖವನ್ನೆತ್ತಿ ಬೆಚ್ಚಗಾಯಿತು. ಇಷ್ಟು ಹಳೆಯ, ಇಷ್ಟು ಮಿತವ್ಯಯದ ಯಂತ್ರವನ್ನು ಕುರಿತು 2023ರಲ್ಲಿ ಜರ್ಮನಿಯಲ್ಲಿ ದೊಡ್ಡ ಕೋಲಾಹಲವೇ ಎದ್ದಿತು. ಹೊಸದಾಗಿ ಕೂರಿಸುವ ಮನೆಯ ಶಾಖವ್ಯವಸ್ಥೆಯು ಬಹುಪಾಲು ನವೀಕರಿಸಬಲ್ಲ ಶಕ್ತಿಯಿಂದ ನಡೆಯಬೇಕೆಂಬ ಕಾನೂನು ಬರುತ್ತಿದ್ದಂತೆ, ಸರ್ಕಾರ ನಮ್ಮ ನೆಲಮಾಳಿಗೆಗೆ ಕೈ ಹಾಕುತ್ತಿದೆ ಎಂದು ಜನ ಸಿಡಿದೆದ್ದರು. ಕಾನೂನು ಸಡಿಲಗೊಂಡೇ ಅಂಗೀಕಾರವಾಯಿತು.

ಅದೇ ಯಂತ್ರವನ್ನು ಒಮಾನಿನಲ್ಲಿ ಯಾರೂ ವಿರೋಧಿಸಲಿಲ್ಲವೆಂಬುದು ಸ್ವಾರಸ್ಯಕರ. ಹಿಂದೆ ಇಲ್ಲಿಯ ಕರಾವಳಿಯ ಜನ ಸೆಕೆ ತಾಳಲಾರದೆ ಖರ್ಜೂರದ ತೋಟಗಳಿಗೆ ತೆರಳುತ್ತಿದ್ದರು, ಮಾಳಿಗೆಯ ಮೇಲೆ ಮಲಗುತ್ತಿದ್ದರು. 1970ರಲ್ಲಿ ಸುಲ್ತಾನ್ ಖಾಬೂಸರು ಅಧಿಕಾರಕ್ಕೆ ಬಂದ ತರುವಾಯ ವಿದ್ಯುತ್ತು ಮನೆಮನೆಗೆ ಹರಿಯಿತು. ತಂಪಿನ ಪೆಟ್ಟಿಗೆಯೂ ಅದರ ಹಿಂದೆಯೇ ಬಂದಿತು. ಅದು ಯಾವ ಒಲೆಯನ್ನೂ ಕಿತ್ತುಹಾಕಬೇಕಾಗಿರಲಿಲ್ಲ. ಇದ್ದ ಒಲೆಯನ್ನು ಕೀಳುವ ಪ್ರಶ್ನೆ ಬಂದಾಗ ಏನಾಗುತ್ತದೆಂಬುದನ್ನು ತಿಳಿಯಲು ನಾವು ಜರ್ಮನಿಗೆ ಹೋಗಬೇಕಾಗಿಲ್ಲ, ನಮ್ಮ ಬಚ್ಚಲುಮನೆಗೆ ಹೋದರೆ ಸಾಕು.

ತೀರ್ಥಹಳ್ಳಿಯ ಕಡೆಯ ನಮ್ಮ ಮನೆಯಲ್ಲಿ ತಾಮ್ರದ ಹಂಡೆಯನ್ನು ಒಲೆಯೊಡನೆ ಸೇರಿಸಿಯೇ ಕಟ್ಟಿತ್ತು. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ಹುಣಿಸೆಹಣ್ಣಿನಿಂದ ತಿಕ್ಕಿ, ಕೊರಳಿಗೆ ಹೂವಿನ ಮಾಲೆ ಹಾಕಿ ಪೂಜಿಸುತ್ತಿದ್ದರು. ಉರುವಲೆಂದರೆ ಅಡಕೆಯ ಸೋಗೆ, ತೆಂಗಿನ ಸಿಪ್ಪೆ, ದರಗು. ಕಾಸು ಕೊಟ್ಟು ತಂದದ್ದು ಒಂದೂ ಅಲ್ಲ. ಆ ಬೆಂಕಿ ನೀರನ್ನಷ್ಟೇ ಕಾಯಿಸುತ್ತಿರಲಿಲ್ಲ. ಮಳೆಗಾಲದಲ್ಲಿ ಒದ್ದೆ ಕಂಬಳಿ ಅದರೆದುರೇ ಒಣಗಬೇಕು, ಹೊಗೆ ಅಟ್ಟಕ್ಕೇರಿ ಬುಟ್ಟಿ ಬೀಜಗಳನ್ನು ಹುಳದಿಂದ ಕಾಯಬೇಕು, ಬೂದಿ ಪಾತ್ರೆಗೂ ಗೊಬ್ಬರದ ಗುಂಡಿಗೂ ಬೇಕು. ಬಾಣಂತಿಯ ಸ್ನಾನಕ್ಕೆ ಹಂಡೆ ತುಂಬ ನೀರು ಕುದಿಯಬೇಕು. ಒಲೆಯನ್ನು ಕೇವಲ ಶಾಖಯಂತ್ರವೆಂದು ಲೆಕ್ಕ ಹಾಕಿದವನ ಲೆಕ್ಕ ಇಲ್ಲಿಯೇ ತಪ್ಪುತ್ತದೆ.

ಈ ಲೆಕ್ಕವನ್ನು ಕನ್ನಡನಾಡಿನಲ್ಲಿ ಗಂಭೀರವಾಗಿ ಹಾಕಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು. ಗ್ರಾಮಗಳಿಗೆ ತಕ್ಕ ತಂತ್ರಜ್ಞಾನವನ್ನು ರೂಪಿಸಲು ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ 1974ರಲ್ಲಿ ‘ಅಸ್ತ್ರ’ ಕೇಂದ್ರ ಹುಟ್ಟಿತು. ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ಶಾಖೆಯಿತ್ತು. 1980ರ ದಶಕದ ಆರಂಭದಲ್ಲಿ ಅಲ್ಲಿಂದ ಬಂದದ್ದೇ ಅಸ್ತ್ರ ಒಲೆ: ಮುಚ್ಚಿದ ಉರಿಗೂಡು, ಕೆಳಗೆ ಜಾಲರಿ, ಸಾಲಾಗಿ ಮೂರು ಪಾತ್ರೆ, ಕೊನೆಯಲ್ಲಿ ಹೊಗೆಕೊಳವೆ. ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ಶೇಕಡಾ 10ರಷ್ಟು ಪಾತ್ರೆಗೆ ಸೇರಿದರೆ, ಪ್ರಯೋಗಶಾಲೆಯಲ್ಲಿ ಈ ಒಲೆ ಶೇಕಡಾ 40ರ ಆಸುಪಾಸು ತಲುಪಿತ್ತು. ಹೊಗೆಯಂತೂ ಮನೆಯಿಂದ ಹೊರಗೆ.

ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವು 1980ರ ದಶಕದಿಂದ 2002ರವರೆಗೆ ನಡೆದು ದೇಶದಾದ್ಯಂತ ಕೋಟಿಗಟ್ಟಲೆ ಒಲೆಗಳನ್ನು ಹಾಕಿಸಿತು. ನಮ್ಮೂರಿಗೂ ಅಂಥ ಒಲೆಗಳು ಬಂದವು. ಕಟ್ಟಿಹೋದವರು ಮತ್ತೆ ಬರಲಿಲ್ಲ. ಉರಿಗೂಡಿನ ಬಾಯಿ ಚಿಕ್ಕದು, ಕುಂಟೆಯನ್ನು ಸೀಳಿ ಸಣ್ಣದು ಮಾಡಬೇಕು, ಸೀಳುವವರಾರು? ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆ ಅಡುಗೆಮನೆಗೇ ಹಿಂದಿರುಗುತ್ತದೆ. ಹಂಚು ಕೊರೆದ ಜಾಗದಲ್ಲಿ ಆಷಾಢದ ಮಳೆ ಸೋರಿತು. ಎರಡು ವರ್ಷದೊಳಗೆ ಅನೇಕ ಮನೆಗಳಲ್ಲಿ ಹೊಸ ಒಲೆಯ ಮೇಲೆ ಸೌದೆ ಒಟ್ಟಿದ್ದರು, ಹಳೆಯ ಒಲೆ ಪಕ್ಕದಲ್ಲಿ ಉರಿಯುತ್ತಿತ್ತು. ಹಳ್ಳಿಯವರಿಗೆ ತಿಳಿವಳಿಕೆ ಸಾಲದೆಂದು ಆಗ ಹೇಳಿದವರು ಬಹಳ. ರಜೆಗೆ ಬಂದಾಗ ನಾನೂ ಹೇಳಿದ್ದೆ.

ಉಂಗ್ರದ ಸಮೀಪದ ಪುರ ಗ್ರಾಮದ ಪ್ರಸಂಗ ಇದಕ್ಕಿಂತ ಪಾಠಯೋಗ್ಯವಾದುದು. ಅಲ್ಲಿ ಸಮುದಾಯದ ಗೋಬರ್ ಅನಿಲ ಸ್ಥಾವರವನ್ನು ಮೊದಲು ಕಟ್ಟಿದ್ದು ಮನೆಮನೆಗೆ ಅಡುಗೆ ಅನಿಲ ಒದಗಿಸಲೆಂದು. ಆದರೆ ಸಿಕ್ಕ ಸಗಣಿ ಎಲ್ಲರ ಎರಡು ಹೊತ್ತಿನ ಅಡುಗೆಗೆ ಸಾಲದಾಯಿತು. ಸೌದೆಯೋ ಹಣವಿಲ್ಲದೆ ಆಯ್ದು ತರುವಂಥದು. ಯೋಜನೆ ನಿಂತುಹೋಯಿತು. ವಿಜ್ಞಾನಿಗಳು ಮರಳಿ ಹೋಗಿ ಜನರನ್ನು ಕೇಳಿದರು. ಊರಿಗೆ ಬೇಕಾಗಿದ್ದುದು ಕುಡಿಯುವ ನೀರು! 1987ರಿಂದ ಅದೇ ಅನಿಲದಿಂದ ಯಂತ್ರ ಓಡಿಸಿ, ವಿದ್ಯುತ್ ತೆಗೆದು, ಕೊಳವೆಬಾವಿಯ ನೀರನ್ನು ನಲ್ಲಿಗಳಿಗೂ ಬೆಳಕನ್ನು ಮನೆಗಳಿಗೂ ಕೊಟ್ಟರು. ಸಗಣಿ ತಂದವರಿಗೆ ಗೊಬ್ಬರವೂ ಮರಳಿತು, ಹೊತ್ತು ತಂದ ಕೂಲಿಯೂ ಸಿಕ್ಕಿತು. ಹಿಂದೆ ಉದಾಸೀನರಾಗಿದ್ದ ಅದೇ ಜನ ಈಗ ಸ್ಥಾವರವನ್ನು ತಾವೇ ನಡೆಸಿದರು. ತಮ್ಮ ಸೋಲನ್ನು ರೆಡ್ಡಿಯವರ ಬಳಗ ಮುಚ್ಚಿಡದೆ ಬರೆದಿಟ್ಟಿತೆಂಬುದು ನನಗೆ ಸ್ಥಾವರಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ.

ಹಾಗೆಂದು ‘ಒಲ್ಲೆ’ ಎಂದವರೆಲ್ಲರೂ ಸರಿ ಎಂದು ನಾನು ವಾದಿಸುತ್ತಿಲ್ಲ. ಒಲ್ಲೆ ಎಂದವರು ಯಾರು, ಹೊಗೆ ಕುಡಿದವರು ಯಾರು ಎಂಬುದನ್ನೂ ನೋಡಬೇಕು. ಮಸ್ಕತ್ತಿಗೆ ಬಂದ ಮೊದಲ ವರ್ಷಗಳಲ್ಲಿ ನಾನು ಮಾತೃಶ್ರೀಯವರಿಗೆ ಪತ್ರ ಬರೆದು, ಬಚ್ಚಲ ಒಲೆ ತೆಗೆಸಿ ಗೀಸರ್ ಹಾಕಿಸಲು ಹಣ ಕಳುಹಿಸಿದ್ದೆ. ಅಮ್ಮ ಹಾಕಿಸಲಿಲ್ಲ. “ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿಲ್ಲ, ಆಗ ಏನು ಮಾಡಲೋ?” ಎಂದು ಉತ್ತರ ಬಂದಿತು. ನಾನು ನಕ್ಕಿದ್ದೆ, ಸರಿಯಾಗಿದ್ದವಳು ಅವಳೇ. ಆದರೆ ದಿನಕ್ಕೆ ಎರಡು ಹೊತ್ತು ಅವಳ ಕಣ್ಣು ಕೆಂಪಾಗುತ್ತಿದ್ದುದು ಬಚ್ಚಲಲ್ಲಿ ಅಲ್ಲ, ಅಡುಗೆಮನೆಯಲ್ಲಿ. ಆ ಒಲೆಯ ವಿಷಯವನ್ನು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆ ವರ್ಷಗಳ ನನ್ನ ದುಡಿಮೆ ಜಗಲಿಗೆ ನೆಲಗಾರೆಯಾಯಿತು, ಟೆಲಿವಿಷನ್ ಆಯಿತು. ಅಡುಗೆ ಅನಿಲ ಮನೆಗೆ ಬರುವ ಹೊತ್ತಿಗೆ ಅವಳ ಕೆಮ್ಮು ಹಳೆಯದಾಗಿತ್ತು.

ಈಗ ಊರಿನ ಮನೆಯ ಹಂಚಿನ ಮೇಲೆ ಸೋಲಾರ್ ಹೀಟರ್ ಇದೆ. ಬಿಸಿಲಿರುವ ತಿಂಗಳುಗಳಲ್ಲಿ ಅದರದೇ ನೀರು. ಜೂನ್ ಕಾಲಿಟ್ಟರೆ ಮತ್ತೆ ಹಂಡೆಗೆ ಬೆಂಕಿ. ಕಳೆದ ರಜೆಯಲ್ಲಿ ಅತ್ತಿಗೆಯವರಿಗೆ ಹೀಟ್ ಪಂಪಿನ ಗುಣಗಳನ್ನು ಸಾವಧಾನವಾಗಿ ವಿವರಿಸಿದೆ. ಅವರು ಪೂರ್ತಿ ಕೇಳಿ, “ಕೆಟ್ಟರೆ ಶಿವಮೊಗ್ಗದಿಂದ ಜನ ಬರುತ್ತಾರೋ, ನಾವೇ ಹೊತ್ತುಕೊಂಡು ಹೋಗಬೇಕೋ?” ಎಂದರು. ವಿಚಾರಿಸಿ ಹೇಳುತ್ತೇನೆ ಎಂದು ಬಂದಿದ್ದೇನೆ.