ಚಳಿಗಾಲದ ವಲಸೆ ಹಕ್ಕಿಗಳು: ಮಾಗಡಿ ಕೆರೆಯ ವೀಕ್ಷಕರಿಗೆ ಮಾಹಿತಿ

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಹಕ್ಕಿಗಳನ್ನು ವೀಕ್ಷಿಸಲು ಇಚ್ಛಿಸುವ ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ. ಹಕ್ಕಿಗಳಿಗೆ ಆಹಾರ ಹಾಕಬಹುದೇ ಎಂಬ ಪ್ರಶ್ನೆಗೂ ಇಲ್ಲಿ ಉತ್ತರವಿದೆ.

1. ಕೆರೆ ಮತ್ತು ಹಕ್ಕಿಗಳು
ಮಾಗಡಿ ಕೆರೆಯು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ರಾಮ್ಸಾರ್ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ಇಲ್ಲಿಗೆ ಬರುವ ಹಕ್ಕಿಗಳಲ್ಲಿ ಪಟ್ಟೆತಲೆ ಹೆಬ್ಬಾತು ಮುಖ್ಯವಾದುದು. ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆಗಳಿರುವುದರಿಂದ ಇದನ್ನು ಸುಲಭವಾಗಿ ಗುರುತಿಸಬಹುದು. ಮಂಗೋಲಿಯಾ, ಟಿಬೆಟ್ ಮತ್ತು ಲಡಾಖ್‌ಗಳಲ್ಲಿ ಮರಿ ಮಾಡುವ ಈ ಹಕ್ಕಿಗಳು ಚಳಿಗಾಲವನ್ನು ಭಾರತದ ಬಯಲು ಪ್ರದೇಶಗಳಲ್ಲಿ ಕಳೆದು, ಬೇಸಿಗೆಯ ಆರಂಭದಲ್ಲಿ ಹಿಂದಿರುಗುತ್ತವೆ.

2. ಆಹಾರ ಮತ್ತು ವಿಶ್ರಾಂತಿ
ಹೆಬ್ಬಾತುಗಳು ಹುಲ್ಲು, ಎಳೆಯ ಚಿಗುರು ಮತ್ತು ಕಾಳುಗಳನ್ನು ಮೇಯುತ್ತವೆ. ಹಗಲಿನಲ್ಲಿ ಹೆಚ್ಚಾಗಿ ಕೆರೆಯಲ್ಲಿ ವಿಶ್ರಮಿಸಿ, ಸಂಜೆಯ ನಂತರ ಸುತ್ತಲಿನ ಹೊಲಗಳಿಗೆ ತೆರಳುತ್ತವೆ. ಆದ್ದರಿಂದ ಇವುಗಳಿಗೆ ಬೇಕಾಗಿರುವುದು ನಾವು ಹಾಕುವ ಆಹಾರವಲ್ಲ, ನಿರಾತಂಕವಾದ ನೀರು ಮತ್ತು ಬಯಲು.

3. ಆಹಾರ ಹಾಕಬಾರದೆನ್ನಲು ಕಾರಣಗಳು
ಅ) ಬ್ರೆಡ್, ಚುರುಮುರಿ, ಕರಿದ ತಿಂಡಿಗಳು ಹಕ್ಕಿಗಳಿಗೆ ಯೋಗ್ಯವಾದ ಆಹಾರವಲ್ಲ. ಉಳಿದ ತಿಂಡಿಯು ಕೊಳೆತು ನೀರನ್ನು ಕೆಡಿಸುತ್ತದೆ ಮತ್ತು ಬೀದಿ ನಾಯಿಗಳನ್ನು ಆಕರ್ಷಿಸುತ್ತದೆ.
ಆ) ಒಂದೇ ಸ್ಥಳದಲ್ಲಿ ಹಕ್ಕಿಗಳು ಗುಂಪುಗೂಡಿದಾಗ ರೋಗ ಬೇಗನೆ ಹರಡುತ್ತದೆ. 2020-21ರ ಚಳಿಗಾಲದಲ್ಲಿ ಹಿಮಾಚಲ ಪ್ರದೇಶದ ಪೋಂಗ್ ಜಲಾಶಯದಲ್ಲಿ ಹಕ್ಕಿಜ್ವರದಿಂದ ಸಾವಿರಾರು ಹಕ್ಕಿಗಳು ಸತ್ತವು. ಅವುಗಳಲ್ಲಿ ಹೆಚ್ಚಿನವು ಪಟ್ಟೆತಲೆ ಹೆಬ್ಬಾತುಗಳೇ ಆಗಿದ್ದವು.
ಮನೆಯಂಗಳದಲ್ಲಿ ಗುಬ್ಬಿಗಳಿಗೆ ಕಾಳು, ನೀರು ಇಡುವ ರೂಢಿಗೆ ಈ ಸೂಚನೆಯು ಅನ್ವಯಿಸುವುದಿಲ್ಲ. ಆದರೆ ಪಾತ್ರೆಗಳನ್ನು ಪ್ರತಿದಿನ ತೊಳೆಯತಕ್ಕದ್ದು.

4. ವೀಕ್ಷಕರಿಗೆ ಸೂಚನೆಗಳು
ಅ) ದಂಡೆಯ ಮೇಲಿಂದಲೇ ದುರ್ಬೀನಿನ ಸಹಾಯದಿಂದ ವೀಕ್ಷಿಸುವುದು. ಹಕ್ಕಿಗಳು ತಲೆಯೆತ್ತಿ ನೋಡಲಾರಂಭಿಸಿದರೆ ಹಿಂದೆ ಸರಿಯುವುದು.
ಆ) ಹಾರುವ ದೃಶ್ಯದ ಛಾಯಾಚಿತ್ರಕ್ಕಾಗಿ ಕಲ್ಲೆಸೆಯುವುದು, ಕೂಗುವುದು, ಡ್ರೋನ್ ಹಾರಿಸುವುದನ್ನು ಮಾಡಬಾರದು. ದೂರದ ಮರುಪ್ರಯಾಣಕ್ಕೆ ಬೇಕಾದ ಶಕ್ತಿಯನ್ನು ಹಕ್ಕಿಗಳು ಇಲ್ಲಿಯೇ ಕೂಡಿಸಿಕೊಳ್ಳಬೇಕಾಗಿರುತ್ತದೆ.
ಇ) ಹಕ್ಕಿಗಳು ಮೇಯುವ ಹೊಲಗಳು ರೈತರ ಜೀವನಾಧಾರ. ಅನುಮತಿಯಿಲ್ಲದೆ ಹೊಲಗಳನ್ನು ಪ್ರವೇಶಿಸಬಾರದು ಮತ್ತು ಬೆಳೆಯನ್ನು ತುಳಿಯಬಾರದು.

5. ಸತ್ತ ಅಥವಾ ಅಸ್ವಸ್ಥ ಹಕ್ಕಿ ಕಂಡುಬಂದಲ್ಲಿ
ಬರಿಗೈಯಿಂದ ಮುಟ್ಟಬಾರದು, ಹೂಳಬಾರದು, ಮನೆಗೆ ಒಯ್ಯಬಾರದು. ಸ್ಥಳ, ಸಮಯ ಮತ್ತು ಹಕ್ಕಿಗಳ ಸಂಖ್ಯೆಯನ್ನು ಹತ್ತಿರದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅಥವಾ ಪಶು ಚಿಕಿತ್ಸಾಲಯಕ್ಕೆ ಕೂಡಲೇ ತಿಳಿಸುವುದು. ಕೋಳಿ ಸಾಕಾಣಿಕೆದಾರರು ಈ ಬಗ್ಗೆ ವಿಶೇಷ ಗಮನ ಹರಿಸತಕ್ಕದ್ದು.

6. ಕಾನೂನು
ವನ್ಯಜೀವಿ (ಸಂರಕ್ಷಣೆ) ಕಾಯ್ದೆ, 1972ರ ಪ್ರಕಾರ ಕೊಲ್ಲುವುದಷ್ಟೇ ಅಲ್ಲದೆ ಬಲೆ ಒಡ್ಡುವುದು ಮತ್ತು ಹಿಡಿಯುವ ಉದ್ದೇಶದಿಂದ ಆಮಿಷ ಹಾಕುವುದು ಸಹ ಬೇಟೆಯೆಂದು ಪರಿಗಣಿಸಲ್ಪಡುತ್ತದೆ. ಇಂತಹ ಪ್ರಕರಣಗಳು ಕಂಡುಬಂದಲ್ಲಿ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಮಾಹಿತಿ ನೀಡಿ ಸಹಕರಿಸಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.