ಇಂಗ್ಲಿಷ್ ಮಾತು-ಬರಹದಲ್ಲಿ ಕನ್ನಡಿಗರ ಸಾಮಾನ್ಯ ತಪ್ಪುಗಳು

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲ್ಲೂಕಿನ ಸನವಳ್ಳಿಯ ಹೆಸರನ್ನು ಕನ್ನಡದಲ್ಲಿ ಬರೆದರೆ ಅದನ್ನು ಓದುವ ಬಗೆ ಒಂದೇ. ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಊರಿನ ಪರಿಚಯವಿಲ್ಲದವರು ಸನವಲ್ಲಿ ಎಂದೋ ಸಾನಾವಲ್ಲಿ ಎಂದೋ ಓದಬಹುದು. ಲಕಾರ-ಳಕಾರಗಳ ಭೇದವನ್ನಾಗಲಿ, ಹ್ರಸ್ವ-ದೀರ್ಘಗಳ ಭೇದವನ್ನಾಗಲಿ ಆ ಲಿಪಿ ತೋರಿಸದು. ಬರೆದಂತೆ ಓದುವ ಭಾಷೆಯವರು ಬರೆದಂತೆ ಓದದ ಭಾಷೆಯನ್ನು ಬಳಸುವಾಗಿನ ತೊಡಕು ಇಲ್ಲಿಂದಲೇ ಆರಂಭವಾಗುತ್ತದೆ. ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. ಆದರೂ ಕೆಲವು ತಪ್ಪುಗಳು ಬಿಡದೆ ಮುಂದುವರಿದಿವೆ. ಅವುಗಳಲ್ಲಿ ಹೆಚ್ಚಿನವು ಅಜ್ಞಾನದ ಫಲವಲ್ಲ. ಕನ್ನಡದ ನಿಯಮಗಳನ್ನೇ ಇಂಗ್ಲಿಷಿಗೂ ಅನ್ವಯಿಸುವುದರ ಫಲ.

ಉಚ್ಚಾರಣೆಯನ್ನೇ ನೋಡೋಣ. ಪದದ ಮೊದಲಲ್ಲಿ ಬರುವ ಎ, ಏ ಸ್ವರಗಳಿಗೆ ಯಕಾರವನ್ನೂ, ಒ, ಓ ಸ್ವರಗಳಿಗೆ ವಕಾರವನ್ನೂ ಸೇರಿಸಿ ನುಡಿಯುವುದು ಕನ್ನಡದ ರೂಢಿ. ಎಲೆ ಯೆಲೆಯಾಗುತ್ತದೆ, ಒಲೆ ವೊಲೆಯಾಗುತ್ತದೆ. ಅದೇ ರೀತಿ ಎಗ್ ಎಂಬುದು ಯೆಗ್, ಓನ್ಲಿ ಎಂಬುದು ವೋನ್ಲಿ, ಶಾಸಕರು ಯೆಮ್ಮೆಲ್ಲೆ. ಯಕಾರ ನಿಜವಾಗಿ ಬೇಕಾದ ಕಡೆ ಮಾತ್ರ ಅದು ಮಾಯವಾಗುತ್ತದೆ. ಪರಿಣಾಮವಾಗಿ ವರ್ಷವೂ ಇಯರ್, ಕಿವಿಯೂ ಇಯರ್. ಮೇಲಿನ ಹಲ್ಲು ಕೆಳತುಟಿಯನ್ನು ಸೋಕಿ ಹೊರಡುವ ವಿ, ತುಟಿಗಳನ್ನು ದುಂಡಗಾಗಿಸಿ ನುಡಿಯುವ ಡಬ್ಲ್ಯು ಎರಡಕ್ಕೂ ನಮ್ಮಲ್ಲಿ ವಕಾರವೊಂದೇ ಇರುವುದರಿಂದ ಪಶ್ಚಿಮ ದಿಕ್ಕೂ ಬನಿಯನ್ನೂ ವೆಸ್ಟ್ ಎಂದೇ ಕೇಳಿಸುತ್ತವೆ. ಆಫೀಸು, ಡಾಕ್ಟರ್ ಪದಗಳಲ್ಲಿ ಆಕಾರಕ್ಕೂ ಓಕಾರಕ್ಕೂ ನಡುವಿನ ಸ್ವರವೊಂದಿದೆ. ಕನ್ನಡದಲ್ಲಿ ಅದಿಲ್ಲದ ಕಾರಣ ನಾವು ಆಕಾರವನ್ನೇ ಬಳಸುತ್ತೇವೆ. ಜೊಯಿಡಾ, ಹಳಿಯಾಳದ ಕಡೆ ಕೊಂಕಣಿ ಮನೆಮಾತಿನವರಿಗೆ ಈ ಸ್ವರ ಹುಟ್ಟಿನಿಂದಲೇ ಪರಿಚಿತವಾದ್ದರಿಂದ ಅವರಿಗೆ ಇಷ್ಟು ಕಷ್ಟವಿಲ್ಲ.

ಬರೆದ ಅಕ್ಷರವನ್ನೆಲ್ಲ ನುಡಿಯಬೇಕೆಂಬ ನಮ್ಮ ಅಭ್ಯಾಸ ಇನ್ನೊಂದು ಬಗೆಯ ತಪ್ಪಿಗೆ ದಾರಿ ಮಾಡುತ್ತದೆ. ಬುಧವಾರವನ್ನು ವೆಡ್ನೆಸ್‌ಡೇ ಎನ್ನುವವರು ಅನೇಕರು, ಸರಿಯಾದದ್ದು ವೆನ್ಸ್‌ಡೇ. ಪ್ಲಂಬರ್ ಅಲ್ಲ, ಪ್ಲಮರ್. ರಸೀದಿಯ ಇಂಗ್ಲಿಷ್ ಪದದಲ್ಲಿರುವ ಪಿ, ಸಾಲ ಎಂಬರ್ಥದ ಡೆಟ್ ಪದದಲ್ಲಿರುವ ಬಿ, ಎರಡೂ ಮೌನ. ಡೆಟ್ ಪದದ ವಿಷಯದಲ್ಲಿ ನಾವು ಹೆಚ್ಚು ನಾಚಬೇಕಿಲ್ಲ. ಫ್ರೆಂಚಿನಿಂದ ಬಂದಾಗ ಅದರಲ್ಲಿ ಬಿ ಅಕ್ಷರವೇ ಇರಲಿಲ್ಲ. ಲ್ಯಾಟಿನ್ ಮೂಲವನ್ನು ನೆನಪಿಸಲೆಂದು ಪಂಡಿತರು ಅದನ್ನು ನಂತರ ತುರುಕಿದರು. ಜನ ಮಾತ್ರ ಹಿಂದಿನಂತೆಯೇ ನುಡಿಯುತ್ತ ಬಂದರು.

ಕಾಗುಣಿತದಲ್ಲಿ ಕಿವಿಯನ್ನು ನಂಬಿದವರು ಕೆಡುತ್ತಾರೆ. ಸೆಪರೇಟ್ ಪದದಲ್ಲಿ ಪಿ ಅಕ್ಷರದ ನಂತರ ಇ ಅಲ್ಲ, ಎ ಬರಬೇಕು. ಗ್ರಾಮರ್ ಪದ ಎ ಮತ್ತು ಆರ್ ಅಕ್ಷರಗಳಿಂದ ಮುಗಿಯುತ್ತದೆ. ಅಂಗಡಿ ಫಲಕಗಳಲ್ಲಿ ಅತಿ ಹೆಚ್ಚು ಕೆಟ್ಟಿರುವ ಪದ ಬಹುಶಃ ಸ್ಟೇಷನರಿ. ಕಾಗದ-ಲೇಖನಿ ಮಾರುವ ಅಂಗಡಿಗೆ ಎನ್ ನಂತರ ಇ ಬೇಕು. ಅಲ್ಲಿ ಎ ಬರೆದರೆ ನಿಂತಲ್ಲೇ ನಿಂತದ್ದು ಎಂದರ್ಥ!

ವಾಕ್ಯರಚನೆಯಲ್ಲಿ ಕನ್ನಡದ ನೆರಳು ಇನ್ನೂ ದಟ್ಟ. ಚರ್ಚಿಸುವುದು ಯಾವುದಾದರೊಂದು ವಿಷಯದ ಕುರಿತೇ ಆದ್ದರಿಂದ ಡಿಸ್ಕಸ್ ಅಬೌಟ್ ಎನ್ನುತ್ತೇವೆ. ಡಿಸ್ಕಸ್ ಎಂದರೆ ಸಾಕು. ಲೈಟು ಹಾಕು ಎಂಬುದು ಪುಟ್ ದ ಲೈಟ್ ಆಗುತ್ತದೆ. ಸ್ವಿಚ್ ಆನ್ ಎನ್ನಬೇಕು. ನಿನ್ನೆಯೇ ಎಂಬಲ್ಲಿನ ಏಕಾರ ಯೆಸ್ಟರ್‌ಡೇ ಓನ್ಲಿ ಎಂದು, ಸುಮ್ಮನೆ ಬಂದೆ ಎಂಬುದು ಸಿಂಪ್ಲಿ ಐ ಕೇಮ್ ಎಂದು ವೇಷ ಬದಲಿಸುತ್ತವೆ. ಇಬ್ಬರು ಮಕ್ಕಳಿದ್ದಾರೆ ಎನ್ನಲು ಐ ಆಮ್ ಹ್ಯಾವಿಂಗ್ ಎನ್ನಬಾರದು, ಐ ಹ್ಯಾವ್ ಎನ್ನಬೇಕು.

ಈ ತಪ್ಪುಗಳು ಕೇಳುವವರಿಗೆ ನಗು ತರಿಸಬಹುದೇ ಹೊರತು ಅರ್ಥ ಕೆಡಿಸುವುದಿಲ್ಲ. ನಿಷೇಧಾರ್ಥಕ ಪ್ರಶ್ನೆಗೆ ಕೊಡುವ ಉತ್ತರ ಹಾಗಲ್ಲ. ಮಾತ್ರೆ ತೆಗೆದುಕೊಂಡಿಲ್ಲವೇ ಎಂದು ವೈದ್ಯರು ಕೇಳಿದರೆ, ತೆಗೆದುಕೊಳ್ಳದ ರೋಗಿ ಕನ್ನಡದಲ್ಲಿ ಹೌದು, ತೆಗೆದುಕೊಂಡಿಲ್ಲ ಎನ್ನಬಹುದು. ಅದೇ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಯೆಸ್ ಎಂದಷ್ಟೇ ಹೇಳಿದರೆ ತೆಗೆದುಕೊಂಡಿದ್ದೇನೆ ಎಂದರ್ಥವಾಗುತ್ತದೆ. ಕನ್ನಡದ ಹೌದು ಪ್ರಶ್ನೆಯನ್ನು ಒಪ್ಪುತ್ತದೆ. ಇಂಗ್ಲಿಷಿನ ಯೆಸ್ ಕ್ರಿಯೆ ನಡೆದಿದೆ ಎನ್ನುತ್ತದೆ. ಇಂಥಲ್ಲಿ ಒಂದೇ ಪದದಲ್ಲಿ ಉತ್ತರಿಸದೆ ಪೂರ್ಣ ವಾಕ್ಯ ಹೇಳುವುದೇ ಕ್ಷೇಮ.

ತಪ್ಪೆಂದು ಹಳಿಯಲಾಗುವ ಎಲ್ಲವೂ ತಪ್ಪಲ್ಲ. ಮುಂದೂಡುವುದಕ್ಕೆ ವಿರುದ್ಧವಾದ ಪ್ರಿಪೋನ್ ಪದ ಆಕ್ಸ್‌ಫರ್ಡ್ ನಿಘಂಟಿನಲ್ಲಿ ಸ್ಥಾನ ಪಡೆದಿದೆ. ಷಡ್ಡಕನನ್ನು ಕೋ-ಬ್ರದರ್ ಎನ್ನುವುದನ್ನು ಇಂಗ್ಲೆಂಡಿನವರು ಒಪ್ಪಲಿಕ್ಕಿಲ್ಲ. ಆದರೆ ಆ ಸಂಬಂಧಕ್ಕೆ ಅವರ ಭಾಷೆಯಲ್ಲಿ ಪ್ರತ್ಯೇಕ ಪದವೇ ಇಲ್ಲದಿರುವಾಗ ನಾವು ಮಾಡುವುದಾದರೂ ಏನು?

ಮಾತಿನ ತಪ್ಪು ಗಾಳಿಯಲ್ಲಿ ಹೋಗುತ್ತದೆ, ದಾಖಲೆಯಲ್ಲಿನ ಕಾಗುಣಿತ ಹೋಗುವುದಿಲ್ಲ. ರಾಜ್ಯ ಸರ್ಕಾರವೇ 2014ರ ನವೆಂಬರ್ 1ರಿಂದ ಬೆಳಗಾವಿ, ಹುಬ್ಬಳ್ಳಿ ಸೇರಿದಂತೆ 12 ನಗರಗಳ ಇಂಗ್ಲಿಷ್ ಕಾಗುಣಿತವನ್ನು ಕನ್ನಡದ ಉಚ್ಚಾರಣೆಗೆ ಹೊಂದಿಸಿಕೊಂಡಿತು. ವ್ಯಕ್ತಿಗಳ ಹೆಸರಿಗೆ ಅಂಥ ಒಂದು ಆದೇಶ ಸಾಲದು. ಗೀತಾ, ಸವಿತಾ ಎಂಬ ಹೆಸರುಗಳಲ್ಲಿ ಹಳೆಯ ಮೈಸೂರಿನ ಕಡೆಯವರು ಟಿ ಅಕ್ಷರದ ಜೊತೆ ಎಚ್ ಸೇರಿಸುತ್ತಾರೆ. ಧಾರವಾಡ, ಉತ್ತರ ಕನ್ನಡದ ಕಡೆ ಸಾಮಾನ್ಯವಾಗಿ ಸೇರಿಸುವುದಿಲ್ಲ. ಇದು ಮುಂಬಯಿ ಕಡೆಯ ಪದ್ಧತಿ. ಉತ್ತರ ಕನ್ನಡವು 1862ರಲ್ಲಿ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿಗೆ ಸೇರಿ, 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಅಲ್ಲಿಯೇ ಇತ್ತು. ಎರಡೂ ಪದ್ಧತಿಗಳು ಸರಿಯೇ. ಆದರೆ ಅಂಕಪಟ್ಟಿಯಲ್ಲಿ ಎಚ್ ಇಲ್ಲದೆ, ಆಧಾರ್ ಕಾರ್ಡಿನಲ್ಲಿ ಎಚ್ ಸೇರಿ ಬಂದರೆ ಗಣಕಯಂತ್ರದ ಪಾಲಿಗೆ ಅವರು ಇಬ್ಬರು ಬೇರೆ ಬೇರೆ ವ್ಯಕ್ತಿಗಳು. ಲಕ್ಷ್ಮಿಯನ್ನು ಒಂದೆಡೆ ಎಕ್ಸ್ ಬಳಸಿ, ಇನ್ನೊಂದೆಡೆ ಕೆ, ಎಸ್, ಎಚ್ ಬಳಸಿ ಬರೆದಾಗಲೂ ಇದೇ ಪಾಡು. ವಿದ್ಯಾರ್ಥಿವೇತನ, ಪಾಸ್‌ಪೋರ್ಟ್, ಬ್ಯಾಂಕ್ ಖಾತೆಗಳ ಪರಿಶೀಲನೆಯಲ್ಲಿ ಇದು ತೊಡಕಾಗುತ್ತದೆ. ಆಧಾರ್‌ನಲ್ಲಿ ಹೆಸರು ತಿದ್ದಲು ಸಾಮಾನ್ಯವಾಗಿ ಎರಡೇ ಬಾರಿ ಅವಕಾಶವಿದೆ. ಶಾಲೆಗೆ ಸೇರಿಸುವಾಗ ಬರೆಸಿದ ಕಾಗುಣಿತವೇ ಮುಂದೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯವರೆಗೆ ಸಾಗುವುದರಿಂದ, ಪೋಷಕರು ಜನನ ಪ್ರಮಾಣಪತ್ರ ಮತ್ತು ಆಧಾರ್ ಎರಡನ್ನೂ ಮುಂದಿಟ್ಟುಕೊಂಡು ಪ್ರತಿ ಅಕ್ಷರವನ್ನೂ ಹೋಲಿಸಿ ನೋಡಿದ ಮೇಲೆಯೇ ಪ್ರವೇಶ ಅರ್ಜಿಗೆ ಸಹಿ ಹಾಕುವುದು ಒಳಿತು.